ಬುಧವಾರ ಚೆಲ್ಲಿದ ನೀರು

ರಬ್ಬರು ಸುಟ್ಟ ವಾಸನೆ ಎರಡು ದಿನ ಕಳೆದರೂ ಹೋಗಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಪೂನಮ ಸಂಪಿನ ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಆ ಪುಟ್ಟ ಪಂಪನ್ನು ಮೂಗಿನ ಹತ್ತಿರ ಹಿಡಿದಳು. ಮುಷ್ಟಿಯಷ್ಟು ದೊಡ್ಡದು, ಅದಕ್ಕಿಂತ ಹೆಚ್ಚಿಲ್ಲ. ಅದಕ್ಕೆ ಎರಡು ಬಾಯಿ. ಒಂದು ನೀರು ಎಳೆಯುವುದಕ್ಕೆ, ಇನ್ನೊಂದು ದೂಡುವುದಕ್ಕೆ. ಬೆನ್ನಿಗೆ ಬೆರಳುದ್ದದ ಉಕ್ಕಿನ ಕಡ್ಡಿ. ಗೋಡೆ ಕೊರೆಯುವ ಡ್ರಿಲ್ ಮಷೀನಿನ ಮೂತಿಗೆ ಆ ಕಡ್ಡಿ ಸಿಕ್ಕಿಸಿ ಗುಂಡಿ ಒತ್ತಿದರೆ ಆಯಿತು. ಡ್ರಿಲ್ ತಿರುಗಿದಂತೆ ನೀರು ಏರುತ್ತದೆ.

ಡ್ರಿಲ್ ಕೂಡ ಅಲ್ಲೇ ಇತ್ತು. ಭಾಲ್ಕಿಯ ಈ ಮನೆಯ ಮೆಟ್ಟಿಲಿನ ಕೆಳಗೆ, ಹಳೆ ಗೋಣಿಚೀಲಗಳ ಹಿಂದೆ. ಅದರ ಜೊತೆಗೆ ಎರಡು ಮಾರು ಪೈಪು, ಮತ್ತೆ ಒಂದು ಖಾಕಿ ಚೀಲ. ಚೀಲದ ಮೇಲೆ ಬಿಳಿ ಬಣ್ಣದಲ್ಲಿ ‘ರಿಜ್ವಾನ, ಬೀದರ’ ಎಂದು ಬರೆದಿತ್ತು.

ಈ ಮನೆಯ ಯಜಮಾನ ಧೊಂಡಿಬಾನ ಹೆಣ ಔರಾದದ ಅವನದೇ ಹೊಲದ ನೀರಿನ ತೊಟ್ಟಿಯಲ್ಲಿ ಸಿಕ್ಕು ಇಂದಿಗೆ ಮೂರನೆಯ ದಿನ. ಕೊಂದವನೆಂದು ಹಿಡಿದ ನಳ ರಿಪೇರಿಯ ರಿಜ್ವಾನನನ್ನು ಸಂಜೆ ಐದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು.

ಪೂನಮ ಚೀಲದೊಳಗಿನದನ್ನು ಒಂದೊಂದಾಗಿ ನೆಲದ ಮೇಲೆ ಇಟ್ಟಳು. ಸುತ್ತಿಗೆ. ಇಕ್ಕಳ. ಟೇಪಿನ ಸುರುಳಿ. ಗರಗಸದ ಬ್ಲೇಡು. ಅರ್ಧ ತಿಂದ ಗುಟಕಾ ಚೀಟಿ. ನಟ್ಟು ಬಿಗಿಯುವ ದೊಡ್ಡ ಪಾನಾ ಮಾತ್ರ ಇರಲಿಲ್ಲ. ಅದು ಹೆಣದ ಪಕ್ಕ ಸಿಕ್ಕಿತ್ತು, ಹಿಡಿಕೆಯ ಮೇಲೆ ಅದೇ ಬಿಳಿ ಬಣ್ಣದ ಗುರುತಿನ ಸಮೇತ.

ಅವಳು ಬೀದರದ ಠಾಣೆಗೆ ಫೋನು ಹಚ್ಚಿದಳು.

“ಅಶ್ವಜಿತ, ರಿಜ್ವಾನನ ಚೀಲ ಸಿಕ್ತು. ಭಾಲ್ಕಿ ಮನ್ಯಾಗನ ಅದ. ಅಲ್ಲೇ ಬಿಟ್ಟು ಬಂದೀನಿ ಅಂದಿದ್ದ, ಅವ ಸುಳ್ಳು ಹೇಳಿಲ್ಲ.”

ಕಾನ್‌ಸ್ಟೆಬಲ್ ಅಶ್ವಜಿತ ಯಾರಿಗೋ ಹೇಳಿ ಬಂದ ಸದ್ದು. ಆಮೇಲೆ ಮೆಲ್ಲಗೆ ಮಾತಾಡಿದ. “ಸಾಹೇಬ್ರಿಗೆ ಹೇಳಿದೆ ಮೇಡಂ. ಚೀಲ ಬಿಟ್ಟು ಪಾನಾ ಒಂದ ತಗೊಂಡು ಹೋಗಿರ್ತಾನ ಅಂದ್ರು. ಸೋಮವಾರ ಮೋಟಾರ್ ಸುಟ್ಟಿದ್ದಕ್ಕ ಅವಗೂ ಧೊಂಡಿಬಾಗೂ ಬಾಯಿ ಆಗಿತ್ತು, ಇಡೀ ಓಣಿ ಕೇಳೇದ ಅಂದ್ರು.”

“ಮತ್ತ?”

“ಮತ್ತೇನಿಲ್ರಿ. ರಿಜ್ವಾನನ ಅವ್ವ ವಜೀರಬೀ ಮುಂಜಾನಿಂದ ಠಾಣೆ ಬಾಗಲ ಮುಂದ ಕುಂತಾಳ. ಚಾ ಕೊಟ್ರ ಒಲ್ಲೆ ಅಂತಾಳ. ನನ್ನ ಮಗ ಕುಡದಾನೇನು ಅಂತ ಕೇಳ್ತಾಳ.”

“ಕುಡದಾನೇನು?”

“ಇಲ್ರಿ.”

“ಇಬ್ರಿಗೂ ಕೊಡು. ಒಬ್ರು ಕುಡದದ್ದು ಇನ್ನೊಬ್ರಿಗೆ ಹೇಳು.”

ಫೋನು ಕೆಳಗಿಟ್ಟಳು. ಗಂಟೆ ಎರಡಾಗಿತ್ತು. ಇಲ್ಲಿಂದ ಬೀದರಕ್ಕೆ ಜೀಪಿನಲ್ಲಿ ಒಂದು ತಾಸು. ಅಂದರೆ ಕೈಯಲ್ಲಿ ಉಳಿದದ್ದು ಎರಡು ತಾಸು. ರಿಜ್ವಾನ ಒಮ್ಮೆ ಜೈಲಿನ ಬಾಗಿಲು ದಾಟಿದನೆಂದರೆ, ಅವನನ್ನು ಹೊರಗೆ ತರುವುದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಎದೆಯಲ್ಲಿ ಏನೂ ಅಲುಗಾಡಲಿಲ್ಲ.

ಇಪ್ಪತ್ತೆರಡು ದಿನದಿಂದ ಹಾಗೇ. ಹಲಬರ್ಗಾದಲ್ಲಿ ಅಪ್ಪ ಮಚ್ಛೇಂದ್ರ ಊಟಕ್ಕೆ ಕುಳಿತವನು ಹಾಗೇ ಗೋಡೆಗೆ ಒರಗಿದ್ದ. ಅಂದಿನಿಂದ ಅವಳು ಹೊತ್ತಿಗೆ ಸರಿಯಾಗಿ ಏಳುತ್ತಾಳೆ, ಉಣ್ಣುತ್ತಾಳೆ, ಸಹಿ ಹಾಕುತ್ತಾಳೆ. ಕೈಕಾಲು ಮಾತು ಕೇಳುತ್ತವೆ. ಒಳಗೆ ಮಾತ್ರ, ಕುಳಿತು ಕುಳಿತು ಜೋಮು ಹಿಡಿದ ಕಾಲಿನ ಹಾಗೆ, ಚಿವುಟಿದರೂ ತಿಳಿಯುವುದಿಲ್ಲ.

ಅವಳು ಬ್ಯಾಟರಿ ಹಿಡಿದು ಸಂಪಿನೊಳಗೆ ನೋಡಿದಳು. ಒಣ ಸಿಮೆಂಟು. ತಳದ ಅಂಚಿಗೆ ಅಂಟಿದ್ದ ಕೆಸರು ಬಿರುಕು ಬಿಡತೊಡಗಿತ್ತು. ಮೂಲೆಯಲ್ಲಿ ಒಂದು ಬಟ್ಟೆ ಒಣಗಿ ಮುದುಡಿತ್ತು. ಪೈಪು ಎಳೆಯಲಾರದ ಕೊನೆಯ ನೀರನ್ನು ಯಾರೋ ಒಳಗಿಳಿದು ಬಟ್ಟೆಯಿಂದ ಒರೆಸಿ ತೆಗೆದಿದ್ದರು.

ನೀರಿಗಾಗಿ ಜನ ಬಡಿದಾಡುವ ಊರಿನಲ್ಲಿ, ಸಂಪನ್ನು ತಾಟು ಒರೆಸಿದ ಹಾಗೆ ಒರೆಸಿದವರು ಯಾರು?

*

ಪಕ್ಕದ ಮನೆಯ ಆಯೆಶಾ ಅಡ್ಡಗೋಡೆಯ ಮೇಲಿಂದ ಆಗಲೇ ನಾಲ್ಕು ಸಲ ಇಣುಕಿದ್ದಳು. ಕೇಳಲಿ ಎಂದು ಕಾಯುತ್ತಿದ್ದಳು. ಪೂನಮ ಕೇಳಿದ್ದೇ ತಡ.

“ನೀರಿಂದು ಕೇಳಬ್ಯಾಡ್ರಿ ಮೇಡಂ, ಹೊಟ್ಟಿ ಉರೀತದ. ಎಂಟು ದಿನಕ್ಕೊಮ್ಮೆ ನಳ ಬರ್ತದ. ಮಂಗಳವಾರ ಸಂಜಿಗೆ ಬಂತು. ನಾವು ಕೊಡ, ಬಕೀಟು, ಹಾಲಿನ ಪಾತೇಲಿ ಸುದ್ದಾ ತುಂಬಿಟ್ಕೊಂಡಿವಿ. ಇವರ ಸಂಪ್ ತುಂಬಿ ತುಳುಕಿತ್ತು. ಮರುದಿನ ನೋಡ್ತೀನಿ, ಅಷ್ಟೂ ನೀರು ನನ್ನ ಬಾಗಲ ಮುಂದಿನ ಗಟಾರದಾಗ.”

“ಮರುದಿನ ಅಂದ್ರ ಬುಧವಾರ?”

“ಬುಧವಾರನ.”

“ಎಷ್ಟೊತ್ತಿಗೆ?”

“ಫಜರ್ ನಮಾಜ್ ಮುಗಿಸಿ ಕಸ ಹೊಡಿಯಾಕ ಹೊರಗ ಬಂದೆ. ಇನ್ನೂ ಮಬ್ಬುಗತ್ತಲಿ. ಒಳಗ ಘರ್ರ್ ಅಂತ ಮಷೀನಿನ ಸಪ್ಪಳ. ನಿಲ್ತದ, ಮತ್ತ ಶುರು ಆಗ್ತದ. ಏಳು ಗಂಟಿ ತನಕ ನಡೀತು. ನಾ ಅಂದೆ, ಇವರಿಗೇನು ಶಾದಿ ಬಂದದೇನು ಸಂಪ್ ತೊಳಿಲಿಕ್ಕ.”

“ಇವರಿಗೆ ಕೇಳಿದ್ರೇನು?”

“ಕೇಳ್ಬೇಕಂತ ಹತ್ತಕ್ಕ ಹೋದೆ. ಬಾಗಲಾಗ ಕಾಲಿಡೂದಕ್ಕ ಔರಾದದಿಂದ ನಜಮೋದ್ದೀನ ಫೋನ್ ಮಾಡಿದ. ಇವರ ಹೊಲ ಮಾಡ್ತಾನಲ್ರಿ, ಅವ. ಧೊಂಡಿಬಾ ಸಾಹುಕಾರ್ರ ಮಯ್ಯತ್ ತೊಟ್ಟಿಯಾಗ ತೇಲಾಕತ್ತೇದ ಅಂದ. ಅಷ್ಟೇ, ಮನಿ ತುಂಬ ಅಳು. ನನ್ನ ನೀರಿನ ಮಾತು ಬಾಯಾಗ ಉಳೀತು.” ಆಯೆಶಾ ಓಢಣಿ ಸರಿಮಾಡಿಕೊಂಡಳು. “ಸತ್ತ ಮನ್ಯಾಗ ನೀರಿನ ಜಗಳ ಹ್ಯಾಂಗ ತಗೀಲಿ, ನೀವ ಹೇಳ್ರಿ.”

“ಅಳೂ ಸಪ್ಪಳ ಹತ್ತಕ್ಕ. ನೀರು ಐದಕ್ಕ.”

“ಹೂಂ ಮತ್ತ. ನೀರ ಮೊದಲ ಬಂತು.”

ಪೂನಮ ಗೋಡೆಯಾಚೆಗಿನ ಗಟಾರದ ಕಡೆ ನೋಡಿದಳು.

ಅಪ್ಪ ಹೋದ ದಿನ ಹಲಬರ್ಗಾದ ಮುದುಕಿಯೊಬ್ಬಳು ಬಂದು ಮೊದಲು ಕೇಳಿದ್ದು ಅದನ್ನೇ. ಮನಿ ನೀರು ಚೆಲ್ಲಿದ್ರೇನವ್ವಾ? ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಮೈಲಿಗೆ. ಒಂದು ಹನಿ ಉಳಿಯದ ಹಾಗೆ ಚೆಲ್ಲಿ ಹೊಸದು ತುಂಬಬೇಕು ಎಂಬುದು ಹಿಂದಿನವರ ರೂಢಿ. ನಾವು ಬುದ್ಧನವ್ರು, ನಮ್ಮಲ್ಲಿ ಅದಿಲ್ಲ ಎಂದು ಅವ್ವ ಹೇಳಿದ್ದಳು. ಅಪ್ಪ ಬೆಳಿಗ್ಗೆ ತುಂಬಿಟ್ಟ ಕೊಡದಿಂದಲೇ ಪೂನಮ ಮಧ್ಯಾಹ್ನ ನೀರು ಕುಡಿದಿದ್ದಳು. ನೀರು ನೀರಿನ ಹಾಗೇ ಇತ್ತು.

ಈ ಮನೆಯವರು ಹಳೆಯ ರೂಢಿಯವರು. ಸಾವಿಗೆ ನೀರು ಚೆಲ್ಲುವವರು. ಆದರೆ ಸುದ್ದಿ ಬರುವುದಕ್ಕೆ ಐದು ತಾಸು ಮೊದಲೇ ಚೆಲ್ಲಿದ್ದರು.

*

ನಡುಮನೆಯಲ್ಲಿ ಧೊಂಡಿಬಾನ ಅಕ್ಕ ಕೌಸಲ್ಯಾಬಾಯಿ ಕಂಬಳಿಯ ಮೇಲೆ ಕುಳಿತಿದ್ದಳು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಸೀರೆ, ಬೋಳು ಹಣೆ. ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ಇಬ್ಬರು ತಮ್ಮಂದಿರನ್ನು ಬೆಳೆಸಿದವಳು. ದೊಡ್ಡವನು ಧೊಂಡಿಬಾ ಇಲ್ಲೇ. ಸಣ್ಣವನು ನರಸಿಂಗ ಕಮಲನಗರದಲ್ಲಿ ಒಂಟಿಯಾಗಿರುವವನು. ಅಣ್ಣ ಸತ್ತ ಸುದ್ದಿ ಹೇಳಲೂ ಫೋನಿಗೆ ಸಿಕ್ಕಿರಲಿಲ್ಲ, ಇನ್ನೂ ಮುಖ ತೋರಿಸಿರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಒಂದೇ ಅಚ್ಚಿನ ಎರಡು ಇಟ್ಟಿಗೆ.

ಪೂನಮ ಡ್ರಿಲ್ಲು, ಪಂಪು, ಪೈಪು ಮೂರನ್ನೂ ತಂದು ಅವಳ ಮುಂದೆ ಇಟ್ಟಳು. ಆಯೆಶಾಳ ಮನೆಯಿಂದ ಒಂದು ಬಕೀಟು ನೀರನ್ನೂ ತಂದಳು.

ಕೌಸಲ್ಯಾಬಾಯಿ ನೋಡಿದಳು. ನೋಡಿದ್ದು ಒಂದು ಗಳಿಗೆ ಹೆಚ್ಚಾಯಿತು.

“ಆಯಿ, ಇವುಗಳ ಜೊತಿ ರಿಜ್ವಾನನ ಚೀಲನೂ ಸಿಕ್ತು. ಅದನ್ನ ಅವ ತಗೊಂಡು ಹೋಗ್ಯಾನ ಅಂತ ನಮ್ಮವ್ರಿಗೆ ಫೋನಿನ್ಯಾಗ ಹೇಳಿದ್ರಂತಲ್ರಿ.”

“ನನಗೇನು ಗೊತ್ತು ಬಾಯಿ. ವಯಸ್ಸಾದಾಕಿ. ತಗೊಂಡು ಹೋಗಿರಬಹುದು ಅಂತ ಹೇಳಿದೆ.”

“ಇದು ಏನು ಅಂತಾದ್ರೂ ಗೊತ್ತೇನ್ರಿ?”

“ನೀರಿಂದು ಏನೋ ಇರಬೇಕು. ಮೋಟಾರ್ ಸುಟ್ಟಿತ್ತು. ವೈಂಡಿಂಗಿಗೆ ಬೀದರಕ್ಕ ಹೋಗೇದ. ಅದು ಬರೂತನಕ ಬಚ್ಚಲಿನ ಡ್ರಮ್ಮಿಗೆ ನೀರು ಏರಿಸಾಕ ಆ ಹುಡುಗ ಇಟ್ಟು ಹೋದ. ನಾ ಮುಟ್ಟಿಲ್ಲ. ನಾ ಸಾಲಿ ಕಲ್ತಾಕಿ ಅಲ್ಲ.”

“ನಾನು ಕಲ್ತೀನಿ, ಆದರೂ ಗೊತ್ತಾಗವಲ್ದು,” ಅಂದಳು ಪೂನಮ.

ಡ್ರಿಲ್ಲಿನ ಮೂತಿಗೆ ಪಂಪಿನ ಕಡ್ಡಿ ಸಿಕ್ಕಿಸಿದಳು. ಒಂದು ಪೈಪಿನ ತುದಿಯನ್ನು ಬಕೀಟಿಗೆ ಇಳಿಬಿಟ್ಟಳು, ಇನ್ನೊಂದನ್ನು ಅಂಗಳದ ಕಡೆಗೆ ಚಾಚಿದಳು. ಗೋಡೆಯ ಸ್ವಿಚ್ಚಿಗೆ ವೈರು ಹಾಕಿ ಗುಂಡಿ ಒತ್ತಿದಳು. ಮಷೀನು ಕಿರುಚಿತು. ನೀರು ಬರಲಿಲ್ಲ. ಬಿಟ್ಟಳು. ಮತ್ತೆ ಒತ್ತಿದಳು. ಮತ್ತೆ ಬರಲಿಲ್ಲ. ರಬ್ಬರಿನ ವಾಸನೆ ನಡುಮನೆಯಲ್ಲಿ ಹರಡಿತು.

ಮೂರನೆಯ ಸಲಕ್ಕೆ ಮುದುಕಿಯ ಕೈ ತಾನಾಗಿ ಮುಂದೆ ಬಂತು.

“ನಿಲ್ಲಸು. ಒಣಬಾಯಿಲೆ ಎಳಿ ಅಂದ್ರ ಹ್ಯಾಂಗ ಎಳೀತದ ಅದು? ಮೊದಲ ಒಂದು ಚರಗಿ ನೀರು ಅದರ ಬಾಯಾಗ ಹಾಕಬೇಕು. ಆಮ್ಯಾಲ ಗುಂಡಿ. ಮಷೀನ ಸುಟ್ಟು ಹೋದೀತು, ಬ್ಯಾರೆಯವರದು.”

ಮಾತು ಮುಗಿದ ಮೇಲೆ ಕೈ ಹಾಗೇ ನಡುವೆ ನಿಂತಿತು. ನಂತರ ಮೆಲ್ಲಗೆ ಮಡಿಲಿಗೆ ಮರಳಿತು.

ಮನೆ ನಡೆಸಿದ ಹೆಂಗಸು ಸುಳ್ಳು ಹೇಳಬಲ್ಲಳು. ಕಣ್ಣೆದುರು ಒಂದು ಸಾಮಾನು ಹಾಳಾಗುವುದನ್ನು ಮಾತ್ರ ನೋಡಲಾರಳು.

“ರಿಜ್ವಾನ ಚೆಂದ ಕಲಿಸ್ಯಾನ,” ಅಂದಳು ಪೂನಮ. ಗೆದ್ದ ಹಾಗೆ ಅನ್ನಿಸಲಿಲ್ಲ. ಸ್ವಿಚ್ಚು ಆರಿಸಿ ವೈರು ಸುತ್ತಿದಳು. “ಗೇಣು ನೀರು ಉಳೀತಿದ್ಹಂಗ ಬಂದ್ ಮಾಡ್ಬೇಕು, ಇಲ್ಲಂದ್ರ ಒಳಗಿನ ರಬ್ಬರ್ ಸುಡ್ತದ ಅಂತನೂ ಹೇಳಿರಬೇಕಲ್ರಿ.”

“ಹೇಳಿದ್ದ.”

“ಮತ್ತ ಯಾಕ ಸುಟ್ರಿ?”

“ಗೇಣು ನೀರು ಹ್ಯಾಂಗ ಬಿಡ್ಲಿ?” ಕೌಸಲ್ಯಾಬಾಯಿಯ ದನಿಯಲ್ಲಿ ನಿಜವಾದ ಅಚ್ಚರಿ ಇತ್ತು, ಈ ಹುಡುಗಿಗೆ ಇಷ್ಟೂ ತಿಳಿಯದೇ ಎಂಬ ಹಾಗೆ. “ಚೆಲ್ಲೂದಂದ್ರ ಪೂರಾ ಚೆಲ್ಲಬೇಕು. ಗೇಣು ಉಳದ್ರ ಹೊಸಾ ನೀರೂ ಮೈಲಿಗಿನ.”

“ಒಳಗ ಇಳದ್ರೇನು, ಒರಸಾಕ?”

“ಏಣಿ ಹಚ್ಚಿ ಇಳದೆ.”

“ಈ ವಯಸ್ಸಿನ್ಯಾಗ?”

“ಮತ್ತ್ಯಾರು ಇಳೀತಾರ.”

ಒಳಗಿನಿಂದ ಧೊಂಡಿಬಾನ ಹೆಂಡತಿ ಚಂದ್ರಭಾಗಾ ಎರಡು ಕಪ್ಪಿನಲ್ಲಿ ಚಹಾ ತಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಕಪ್ಪು ಕೆಳಗಿಡುವಾಗ ಎರಡೂ ಕೈಗಳ ಹಸಿರು ಬಳೆ ಸಣ್ಣಗೆ ಸದ್ದು ಮಾಡಿದವು. ಹಣೆಯ ಕುಂಕುಮವೂ ಇತ್ತು.

“ನಿಮಗ ನೀರು ಚೆಲ್ಲಿದ್ದು ಗೊತ್ತೇನ್ರಿ?” ಪೂನಮ ಅವಳನ್ನು ಕೇಳಿದಳು.

“ನಾ ಮಾಡಿಯ ಮ್ಯಾಲ ಮಲಗಿದ್ದೆ. ಕೆಳಗ ಬಂದು ಕೇಳಿದಾಗ ಸಂಪಿನ್ಯಾಗ ಇಲಿ ಬಿದ್ದಿತ್ತು, ಅದಕ್ಕ ಚೆಲ್ಲಿದೆ ಅಂದ್ರು ಅಕ್ಕಾವ್ರು,” ಅಂದಳು ಚಂದ್ರಭಾಗಾ. ಯಾವುದೋ ದೂರದ ಊರಿನ ಮಾತು ಹೇಳಿದ ಹಾಗೆ ಹೇಳಿ ಅಡಿಗೆಮನೆಗೆ ಹೋದಳು.

ಪೂನಮ ಚಹಾ ಕುಡಿದಳು. ಸಕ್ಕರೆ ಹೆಚ್ಚಾಗಿತ್ತು.

“ಇಲಿ ಬಿದ್ದಿತ್ತೇನ್ರಿ ಆಯಿ?”

“ಹೂಂ.”

“ಈಗ ಮೈಲಿಗಿ ಅಂದ್ರಿ.”

ಕೌಸಲ್ಯಾಬಾಯಿ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

“ಸುದ್ದಿ ಹತ್ತಕ್ಕ ಬಂತು. ನೀವು ಐದಕ್ಕ ನೀರು ಚೆಲ್ಲಿದ್ರಿ. ಸಾವು ಆಗೇದಂತ ನಿಮಗ ಯಾರು ಹೇಳಿದ್ರು?”

“ಕನಸು ಬಿದ್ದಿತ್ತು.”

“ಕನಸಿಗೆ ಕೊಡ ಚೆಲ್ತಾರ. ಎಂಟು ದಿನದ ಸಂಪ್ ಯಾರೂ ಚೆಲ್ಲಂಗಿಲ್ಲ.”

ಮುದುಕಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಪೂನಮಳ ಕಣ್ಣು ಅಡಿಗೆಮನೆಯ ಬಾಗಿಲಿನಲ್ಲಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು, ನಡುನಡುವೆ ಬಳೆಯ ಸದ್ದು. ನಿನ್ನೆ ಮೊದಲ ಸಲ ಬಂದಾಗಲೇ ಆ ಬಳೆಗಳನ್ನು ಕಂಡಿದ್ದಳು. ಗಂಡನನ್ನು ಸುಟ್ಟು ಬಂದ ಮೇಲೆ ಓಣಿಯ ಹೆಂಗಸರು ಬಳೆ ಒಡೆಯಲು ಬಂದಾಗ, ಕೌಸಲ್ಯಾಬಾಯಿ ಅಡ್ಡ ನಿಂತು ಅವರನ್ನು ಹೊರಗೆ ಅಟ್ಟಿದಳೆಂದು ತಿಳಿದಿತ್ತು. ತನ್ನ ಅವ್ವನ ಕೈಯಲ್ಲೂ ಬಳೆ ಇನ್ನೂ ಇದ್ದವು. ಅದಕ್ಕೇ ಈ ಮುದುಕಿಯ ಮೇಲೆ ಒಂದಿಷ್ಟು ಗೌರವ ಬಂದಿತ್ತು. ಅಷ್ಟಕ್ಕೇ ಬಿಟ್ಟಿದ್ದಳು. ಮುಂದಿನದನ್ನು ಕೇಳಿರಲಿಲ್ಲ.

ಅದು ತಪ್ಪಾಗಿತ್ತು.

“ಅವರ ಬಳಿ ಒಡಿಯಾಕ ನೀವು ಬಿಡ್ಲಿಲ್ಲ.”

“ಕಾಲ ಬದಲಾಗೇದ ಬಾಯಿ. ನಾ ಹದಿನೆಂಟಕ್ಕ ಒಡಿಸ್ಕೊಂಡೆ. ಅಷ್ಟ ಸಾಕು.”

“ಬಳಿಗೆ ಕಾಲ ಬದಲಾಗೇದ. ನೀರಿಗೆ ಬದಲಾಗಿಲ್ಲ?”

ಸೆರಗು ಸುತ್ತುತ್ತಿದ್ದ ಬೆರಳು ನಿಂತಿತು.

ಪೂನಮ ಅವಸರ ಮಾಡಲಿಲ್ಲ. ಕೂದಲಿನ ಗಂಟು ಬಿಡಿಸುವ ಹಾಗೆ ಒಂದೊಂದೇ ಎಳೆ ಹಿಡಿದಳು. “ಗೇಣು ನೀರು ಮೈಲಿಗಿ ಅಂತ ಏಣಿ ಹಚ್ಚಿ ಇಳದು ಒರಸಿದಾಕಿ ನೀವು. ಅಂಥಾಕಿ ಗಂಡ ಸತ್ತ ಹೆಣಮಗಳ ಕೈಯಾಗ ಹಸರ ಬಳಿ ಬಿಟ್ರಿ. ಹಣಿಮ್ಯಾಲ ಕುಂಕುಮ ಬಿಟ್ರಿ. ಎರಡೂ ಒಂದ ಮನಿಶ್ಯಾಳ ಕೆಲಸ ಆಗಂಗಿಲ್ಲ ಆಯಿ. ಆಗಬೇಕಂದ್ರ ಒಂದ ದಾರಿ ಅದ.”

ಕೌಸಲ್ಯಾಬಾಯಿ ಎದ್ದು ಹೋಗಿ ಅಡಿಗೆಮನೆಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು. ಮರಳಿ ಬಂದು ಕುಳಿತಳು.

“ಆಕಿ ಗಂಡ ಸತ್ತಿಲ್ಲ,” ಅಂದಳು ಪೂನಮ.

ಹೆಣದ ಮುಖ ಗುರುತು ಸಿಗದ ಹಾಗೆ ಜಜ್ಜಿಹೋಗಿತ್ತು. ಮೈಮೇಲಿದ್ದ ಕೋಟು, ಕೈಗಡಿಯಾರ, ಬೆರಳಿನ ಉಂಗುರ ನೋಡಿ ನಜಮೋದ್ದೀನ ‘ನಮ್ಮ ಸಾಹುಕಾರ್ರು’ ಅಂದಿದ್ದ. ಚಂದ್ರಭಾಗಾ ಅವೇ ಮೂರನ್ನು ನೋಡಿ ಕುಸಿದಿದ್ದಳು. ಅದೇ ಸಂಜೆ ಬೆಂಕಿಗೆ ಕೊಟ್ಟಿದ್ದರು. ಮುಖವನ್ನು ಮತ್ತೆ ನೋಡಬೇಕೆಂದು ಯಾರೂ ಕೇಳಿರಲಿಲ್ಲ. ಪೂನಮಳೂ ಕೇಳಿರಲಿಲ್ಲ. ಅಂದು ಅವಳಿಗೆ ಯಾವ ಸತ್ತವನ ಮುಖವೂ ಬೇಕಿರಲಿಲ್ಲ.

“ಸಣ್ಣಾವ,” ಅಂದಳು ಕೌಸಲ್ಯಾಬಾಯಿ.

“ನರಸಿಂಗ?”

ಮುದುಕಿಯ ತಲೆ ಹೌದೆಂದು ಆಡಿತು.

“ಹೇಳಿದವ್ರು ಯಾರು?”

“ದೊಡ್ಡಾವನ ಫೋನ್ ಮಾಡಿದ. ನಾಲ್ಕಾಗಿತ್ತು.” ದನಿ ಇಳಿದು ಬರೀ ಉಸಿರಾಗಿತ್ತು. “ಅಕ್ಕಾ, ನರಸಿಂಗ ಹ್ವಾದ. ಮನಿ ನೀರು ಚೆಲ್ಲು. ಯಾರಿಗೂ ಹೇಳಬ್ಯಾಡ ಅಂದ. ನಾ ಹ್ಯಾಂಗ ಅಂದೆ. ಹ್ಯಾಂಗ ಅಂತ ಕೇಳಬ್ಯಾಡ ಅಂದ. ಇಟ್ಟಬಿಟ್ಟ.”

“ಅಷ್ಟು ಮಾಡಿದಾವ, ಸಿಕ್ಕೊಂಡೇನು ಅಂತ ಗೊತ್ತಿದ್ದೂ ನೀರಿನ ಸಲುವಾಗಿ ಫೋನ್ ಮಾಡಿದ?”

“ನೀರಿನ ಸಲುವಾಗಿ ಅಲ್ಲ. ನನ್ನ ಸಲುವಾಗಿ. ನಾ ಐದಕ್ಕೆದ್ದು ತುಳಸಿಗೆ ನೀರು ಹಾಕ್ತೀನಿ. ತಮ್ಮ ಸತ್ತ ಮೈಲಿಗಿ ನೀರು ನನ್ನ ಕೈಲೆ ದೇವರಿಗೆ ಹೋಗಬಾರದು ಅಂತ.” ಅವಳು ಬೆರಳಿನ ಸೆರಗನ್ನು ಬಿಚ್ಚಿದಳು. “ನಾನ ಕಲಿಸಿದ್ದು ಅವಗ. ಸಣ್ಣವಿದ್ದಾಗ.”

ಪೂನಮಳಿಗೆ ಕೋಪ ಬರಬೇಕಿತ್ತು. ಇಲ್ಲವೇ ಮರುಕ. ಎರಡರ ಜಾಗದಲ್ಲೂ ಅದೇ ಜೋಮು. ಅವಳು ಗಡಿಯಾರ ನೋಡಿದಳು. ಮೂರೂ ಹತ್ತು.

“ಆಯಿ, ಈಗ ನನ್ನ ಜೊತಿ ಬೀದರಕ್ಕ ಬರ್ರಿ. ಹೇಳಿದ್ದಷ್ಟನ್ನೂ ಅಲ್ಲಿ ಒಮ್ಮೆ ಹೇಳ್ರಿ. ಐದರೊಳಗ ಹೇಳಿದ್ರ ರಿಜ್ವಾನ ಇವತ್ತ ಮನಿಗೆ ಹೋಗ್ತಾನ.”

“ಬರಂಗಿಲ್ಲ.”

“ಅವ ಏನೂ ಮಾಡಿಲ್ರಿ. ನಿಮಗ ಇದನ್ನ ನಡಸೂದು ಕಲಿಸ್ಯಾನ, ಅಷ್ಟ.”

“ಹೌದು. ಕೂಡಿಸಿ ಕಲಿಸಿದ. ಎರಡು ಸಲ ತಪ್ಪಿದೆ, ಬೇಜಾರ ಮಾಡ್ಕೊಳ್ಳಿಲ್ಲ. ಆಯಿ ಆಯಿ ಅಂತಿದ್ದ.” ಕೌಸಲ್ಯಾಬಾಯಿಯ ಕಣ್ಣಿನಿಂದ ಮೊದಲ ಸಲ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. “ಅವನ ಸಲುವಾಗಿ ಅಳಾಕ ಅವರವ್ವ ಅದಾಳ. ನನ್ನ ತಮ್ಮಂದಿರ ಸಲುವಾಗಿ ನಾ ಒಬ್ಬಾಕಿ. ಒಬ್ಬನ್ನ ಬೆಂಕಿಗೆ ಕೊಟ್ಟೀನಿ, ಅದೂ ಇನ್ನೊಬ್ಬನ ಹೆಸರಿಲೆ. ಜೋರಲೆ ಅವನ ಹೆಸರು ಹಿಡದು ಅಳಾಕೂ ಬರ್ಲಿಲ್ಲ ನನಗ. ಉಳದಾವನ್ನ ನಾ ಹಗ್ಗಕ್ಕ ಕೊಡಂಗಿಲ್ಲ.”

“ಯಾಕ ಕೊಂದ?”

“ಕೇಳಬ್ಯಾಡ ಅಂದಾನ.”

“ಈಗ ಎಲ್ಲಿದಾನ?”

“ಅದನ್ನೂ ಕೇಳಿಲ್ಲ.”

“ನೀವು ಬರದಿದ್ರೂ ಫೋನಿನ ಲೆಕ್ಕ ಕಂಪನ್ಯಾಗ ಇರ್ತದ್ರಿ. ನಾಲ್ಕು ಗಂಟಿಗೆ ಯಾರು ಮಾಡ್ಯಾರ ಅಂತ ತೆಗಸ್ತೇನಿ.”

“ತೆಗಸು ಬಾಯಿ. ಅದು ಬರಾಕ ಎಷ್ಟು ದಿನ ಬೇಕು?”

ಬೇಗ ಅಂದರೂ ನಾಲ್ಕು ದಿನ. ಮುದುಕಿಗೆ ಸಾಲೆ ಇರಲಿಲ್ಲ, ಲೆಕ್ಕ ಇತ್ತು.

ಅವಳು ಎದ್ದಳು. ಮುದುಕಿ ಬರಲಿ ಬಿಡಲಿ, ತಾನೇ ಸಾಹೇಬರ ಮುಂದೆ ನಿಂತು ಹೇಳಬೇಕು. ಚೀಲ ಇಲ್ಲಿದೆ. ಆಯೆಶಾ ನೀರು ಕಂಡಿದ್ದಾಳೆ. ಸುಟ್ಟ ಪಂಪು ಕೈಯಲ್ಲಿದೆ. ನರಸಿಂಗ ಎಲ್ಲಿ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು. ಕಮಲನಗರದ ಅವನ ಮನೆಗೆ ಬೀಗ, ಮೂರು ದಿನದಿಂದ ಫೋನು ಬಂದ್. ಸತ್ತವನನ್ನು ಯಾರೂ ಹಾಜರು ಮಾಡಲಾರರು. ಆ ಒಂದು ಸಂಶಯಕ್ಕೆ ರಿಜ್ವಾನನನ್ನು ಇವತ್ತೊಂದು ದಿನ ಜೈಲಿನಿಂದ ಹೊರಗೆ ಇಟ್ಟರೂ ಸಾಕು.

ಅಂಗಳಕ್ಕೆ ಬಂದು ಅಶ್ವಜಿತನಿಗೆ ಫೋನು ಮಾಡಿದಳು.

“ಮೇಡಂ, ನಾನ ಮಾಡಾವ ಇದ್ದೆ,” ಅಂದ ಅಶ್ವಜಿತ. ದನಿ ಹಗುರಾಗಿತ್ತು. “ನೀವು ಓಡ್ಯಾಡೂದು ಬ್ಯಾಡ್ರಿ ಇನ್ನ. ಕೇಸ್ ಮುಗೀತು. ರಿಜ್ವಾನ ಒಪ್ಪಿಕೊಂಡಾನ.”

“ಏನಂತ?”

“ನಾನ ಕೊಂದೀನಿ ಅಂತ. ನಮ್ಮ ಮುಂದ ಬರಸಿದ್ದು ಕೋರ್ಟಿನ್ಯಾಗ ನಿಲ್ಲಂಗಿಲ್ಲ ಅಂತ ಅವಗೂ ಗೊತ್ತದ್ರಿ. ನ್ಯಾಯಾಧೀಶರ ಮುಂದನ ಹೇಳ್ತೀನಿ, ಲಗೂನ ಕರ್ಕೊಂಡು ಹೋಗ್ರಿ ಅಂತಾನ. ನಾವು ಕೈ ಸುದ್ದಾ ಹಚ್ಚಿಲ್ಲ ಮೇಡಂ, ಆಣಿ.”

ಅಂಗಳದ ಬಿಸಿಲಿನಲ್ಲಿ ಪೈಪು ಸುರುಳಿಯಾಗಿ ಬಿದ್ದಿತ್ತು. ಪೂನಮ ಅದನ್ನು ದಾಟಿ ಬಾಗಿಲಿನ ಹತ್ತಿರ ಹೋದಳು.

“ಎರಡಕ್ಕ ನಾ ಫೋನ್ ಮಾಡಿದಾಗ ಒಪ್ಪಿರ್ಲಿಲ್ಲ. ಆಮ್ಯಾಲ ಏನಾತು?”

“ಏನಿಲ್ರಿ. ಒಬ್ರು ಬಂದಿದ್ರು. ನನ್ನ ಮನ್ಯಾಗಿನ ಸಾವು, ಒಮ್ಮೆ ಅವನ ಮಾರಿ ನೋಡ್ಬೇಕು ಅಂದ್ರು. ಸಾಹೇಬ್ರು ಎರಡು ನಿಮಿಷ ಬಿಟ್ರು. ಕಂಬಿ ಹತ್ರ ನಿಂತು ಸಣ್ಣ ದನಿಲೆ ಏನೋ ಮಾತಾಡಿದ್ರು. ಬಯ್ಯಲಿಲ್ಲ, ಏನಿಲ್ಲ. ಭಾಳ ಶಾಂತ ಮನಿಶ್ಯಾರು.”

“ವಜೀರಬೀಗೆ ಕೊಡು ಫೋನು.”

“ಆಕಿ ಇಲ್ರಿ. ಅವರ ಗಾಡ್ಯಾಗ ಹೋದ್ಳು. ಬಿಸಲಾಗ ಯಾಕ ಕುಂತಿ ಬಡೀಮಾ, ಮನಿಗೆ ಬಿಡ್ತೇನಿ ಬಾ ಅಂದ್ರು. ನನ್ನ ಮನಸ್ಸು ತುಂಬಿ ಬಂತು ನೋಡ್ರಿ. ತನ್ನ ಮನಿಯವ್ರನ್ನ ಕೊಂದಾವನ ತಾಯಿನ ಕೈ ಹಿಡದು ಗಾಡಿ ಹತ್ತಿಸ್ಯಾರ.”

“ಮೊದಲ ಗಾಡಿ ಹತ್ತಿದ್ಳೋ, ಮೊದಲ ಇವ ಒಪ್ಪಿದನೋ?”

ಅಶ್ವಜಿತ ನೆನಪು ಮಾಡಿಕೊಂಡ. “ಗಾಡಿ ಹತ್ತಿದ್ಳು. ಕಿಡಕಿಯಿಂದ ರಿಜ್ವಾನ ನೋಡಿದ. ಆಮ್ಯಾಲ ಒಪ್ಪಿದ.” ಮಾತು ತಡೆಯಿತು. “ಯಾಕ್ರಿ ಮೇಡಂ?”

“ಬಂದಾವನ ಹೆಸರು ಏನು?”

“ಪುಸ್ತಕದಾಗ ಬರಸೀನ್ರಿ, ತಡೀರಿ.” ಹಾಳೆ ತಿರುಗಿಸುವ ಸದ್ದು. “ಸತ್ತವ್ರ ತಮ್ಮ. ನಾವು ಮೂರು ದಿನದಿಂದ ಹುಡಕಾಕತ್ತಿದ್ವಲ್ರಿ, ತಾವ ಬಂದಾರ. ಕಮಲನಗರದ ವಿಳಾಸ ಅದ. ಸಹೀನೂ ಮಾಡ್ಯಾರ, ಎರಡೂ ಐವತ್ತಕ್ಕ.”

“ಹೆಸರು ಓದು.”

“ನರಸಿಂಗ,” ಅಂದ ಅಶ್ವಜಿತ.